ಸ್ಟಿಯರಿಂಗ್ ಹಿಡಿಯುವ ಮೊದಲು ಊದಿಸಿ

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗುತ್ತೀರಿ ಎಂದುಕೊಳ್ಳಿ. ನಿಮ್ಮ ಪೈಲಟ್ ಆ ದಿನದ ಕೆಲಸ ಶುರು ಮಾಡುವ ಮೊದಲು ಯಂತ್ರಕ್ಕೆ ಊದಿ, ಸೊನ್ನೆ ಬಂದ ಮೇಲೆಯೇ ಕಾಕ್‌ಪಿಟ್ ಹತ್ತಿರುತ್ತಾರೆ. ರೈಲಿನಲ್ಲಿ ಹೋದರೆ ಲೋಕೋ ಪೈಲಟ್ ಕ್ರೂ ಲಾಬಿಯಲ್ಲಿ ಊದಿಯೇ ಡ್ಯೂಟಿಗೆ ಸಹಿ ಹಾಕಿರುತ್ತಾರೆ. ಡ್ಯೂಟಿ ಮುಗಿಸಿ ಬಂದಾಗ ಮತ್ತೊಮ್ಮೆ ಊದುತ್ತಾರೆ. ಅದೇ ಊರಿಗೆ ಆನಂದರಾವ್ ವೃತ್ತದಲ್ಲಿ ರಾತ್ರಿ ಹತ್ತೂವರೆಗೆ ಖಾಸಗಿ ಸ್ಲೀಪರ್ ಬಸ್ ಹತ್ತಿದರೆ? ಮೂವತ್ತಕ್ಕೂ ಹೆಚ್ಚು ಜನ ಪರದೆ ಎಳೆದುಕೊಂಡು ಮಲಗಿರುವ ಆ ಗಾಡಿಯ ಚಾಲಕರನ್ನು ಹೊರಡುವ ಮುನ್ನ ಪರೀಕ್ಷಿಸಲೇಬೇಕು ಎಂದು ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ದಾರಿಯಲ್ಲಿ ಪೊಲೀಸರು ಅಡ್ಡ ಹಾಕಿದರೆ ಪರೀಕ್ಷೆ, ಹಾಕದಿದ್ದರೆ ಇಲ್ಲ. ನಿಮ್ಮ ಮಗುವನ್ನು ಬೆಳಿಗ್ಗೆ ಏಳಕ್ಕೆ ಬಂದು ಕರೆದೊಯ್ಯುವ ಶಾಲಾ ವ್ಯಾನಿನ ಸ್ಥಿತಿಯೂ ಇಷ್ಟೇ.

ಇದು ಬದಲಾಗಬೇಕು, ಮತ್ತು ಇದನ್ನು ಬದಲಿಸಲು ನೀವು ಕೈ ಹಾಕಬೇಕು ಎಂದು ಕೇಳಿಕೊಳ್ಳುವುದಕ್ಕೆ ಈ ಮನವಿ. ಬಾಡಿಗೆಗೆ ಜನರನ್ನು ಹೊತ್ತು ಸಾಗುವ ಪ್ರತಿಯೊಬ್ಬ ಚಾಲಕರೂ ಡ್ಯೂಟಿಗೆ ಮುನ್ನ ಊದಬೇಕು. ಊದಿಸುವ ಕಟ್ಟಳೆ ದುಡಿಯುವವರಿಗೆ ನ್ಯಾಯವಾಗಿಯೂ ಇರಬೇಕು. ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕೇಳುವವರ ಜೊತೆ ನಾನಿಲ್ಲ. ಎರಡನೆಯದನ್ನು ನೆಪ ಮಾಡಿ ಮೊದಲನೆಯದನ್ನು ಮುಂದೂಡುವವರ ಜೊತೆಯೂ ಇಲ್ಲ.

ಈಗಿರುವ ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದವರಿಗೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೆಯ ಸಲಕ್ಕೆ ಎರಡು ವರ್ಷದವರೆಗೆ ಜೈಲು, ದಂಡವಾದರೆ 15,000. ಈ ಲೆಕ್ಕ ಸ್ಕೂಟರ್ ಓಡಿಸುವವರಿಗೂ ಐವತ್ತು ಜನರ ಬಸ್ ಓಡಿಸುವವರಿಗೂ ಒಂದೇ. ಸೆಕ್ಷನ್ 203 ಸಮವಸ್ತ್ರದಲ್ಲಿರುವ ಪೊಲೀಸರಿಗೂ ಸಾರಿಗೆ ಇಲಾಖೆಯ ಅಧಿಕಾರಿಗಳಿಗೂ ಊದಿಸುವ ಅಧಿಕಾರ ಕೊಡುತ್ತದೆ. ಗಾಡಿಯ ಮಾಲೀಕರಿಗೆ ಊದಿಸುವ ಹೊಣೆಯನ್ನು ಮಾತ್ರ ಯಾವ ಸೆಕ್ಷನ್ನೂ ಹೊರಿಸುವುದಿಲ್ಲ.

ಮದ್ಯದ ಮಾತು ಹೀಗಾದರೆ ಗಾಂಜಾ ಮತ್ತಿತರ ಅಮಲು ಪದಾರ್ಥಗಳ ಮಾತು ಇನ್ನೂ ಸಡಿಲ. ಅದಕ್ಕೆ ಮಿಲಿಗ್ರಾಂ ಲೆಕ್ಕವೇ ಇಲ್ಲ. ವಾಹನದ ಮೇಲೆ ಸರಿಯಾದ ಹಿಡಿತ ಸಾಧ್ಯವಾಗದಷ್ಟು ಅಮಲಿನಲ್ಲಿದ್ದರು ಎಂದು ಸಾಬೀತು ಮಾಡಬೇಕು. ರಾತ್ರಿ ಎರಡು ಗಂಟೆಗೆ ಹೆದ್ದಾರಿಯ ಬದಿಯಲ್ಲಿ ಟಾರ್ಚ್ ಹಿಡಿದು ನಿಂತ ಕಾನ್‌ಸ್ಟೇಬಲ್ ಇದನ್ನು ಹೇಗೆ ಸಾಬೀತು ಮಾಡಬೇಕು?

ಆಕಾಶದಲ್ಲಿ ಹಾರುವವರಿಗೆ ಕಾನೂನು ಇಷ್ಟು ಸಡಿಲವಾಗಿಲ್ಲ. 1937ರ ವಿಮಾನ ನಿಯಮಗಳ 24ನೇ ನಿಯಮದಂತೆ ಹಾರಾಟಕ್ಕೆ ಹನ್ನೆರಡು ಗಂಟೆ ಮೊದಲಿನಿಂದ ಸಿಬ್ಬಂದಿ ಮದ್ಯ ಮುಟ್ಟುವಂತಿಲ್ಲ. ಊದಿದಾಗ ಮೊದಲ ಸಲ ಸಿಕ್ಕಿಬಿದ್ದರೆ ಪೈಲಟ್ ಲೈಸೆನ್ಸ್ ಮೂರು ತಿಂಗಳು ಅಮಾನತು, ಎರಡನೆಯ ಸಲಕ್ಕೆ ಮೂರು ವರ್ಷ, ಮೂರನೆಯ ಸಲಕ್ಕೆ ರದ್ದು. 2022ರ ಜನವರಿ ಕೊನೆಯಿಂದ ನಾಗರಿಕ ವಿಮಾನಯಾನ ನಿರ್ದೇಶನಾಲಯ ಗಾಂಜಾ, ಅಫೀಮು, ಕೊಕೇನ್, ನಿದ್ರೆ ಗುಳಿಗೆ ಮೊದಲಾದವುಗಳಿಗೂ ಮುನ್ಸೂಚನೆ ಇಲ್ಲದ ಪರೀಕ್ಷೆ ತಂದಿದೆ. ಈ ನಿಯಮದಲ್ಲಿ ನನಗೆ ಮೆಚ್ಚುಗೆಯಾದ ಅಂಶವೊಂದಿದೆ. ಅಮಲು ಪದಾರ್ಥದ ಪರೀಕ್ಷೆಯಲ್ಲಿ ಮೊದಲ ಸಲ ಸಿಕ್ಕಿದವರನ್ನು ಕೂಡಲೇ ಹೊರಗೆ ಹಾಕುವುದಿಲ್ಲ, ಚಟ ಬಿಡಿಸುವ ಚಿಕಿತ್ಸೆಗೆ ಕಳಿಸುತ್ತಾರೆ. ಪೈಲಟ್‌ಗೆ ಸಿಗುವ ಈ ಅವಕಾಶ ಬಸ್ ಡ್ರೈವರಿಗೆ ಏಕೆ ಸಿಗಬಾರದು? ಪೈಲಟ್ ಮೇಲಿರುವ ಕಣ್ಗಾವಲು ಬಸ್ಸಿನ ಮೇಲೆ ಏಕೆ ಇರಬಾರದು? ಎರಡನ್ನೂ ಒಟ್ಟಿಗೇ ಕೇಳಬೇಕು.

ಈಗ ಶಾಲಾ ವ್ಯಾನಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅಲ್ಲಿ ಒಂದು ತಪ್ಪು ತಿಳಿವಳಿಕೆ ಮನೆಮನೆಯಲ್ಲಿದೆ. ರಾತ್ರಿ ಕುಡಿದದ್ದು ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಡ್ರೈವರಣ್ಣಂದಿರೂ ಪ್ರಾಮಾಣಿಕವಾಗಿ ಹಾಗೆಯೇ ನಂಬಿದ್ದಾರೆ. ಲೆಕ್ಕ ಮಾಡಿ ನೋಡಿ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲೋ ಬ್ರಾಂದಿಯಲ್ಲೋ ನಮ್ಮ ದೇಶದ ಮಾಮೂಲು ಪ್ರಮಾಣವಾದ ಶೇ 42.8ರಂತೆ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 65 ಕಿಲೋ ತೂಕದ ಗಂಡಸಿನ 100 ಮಿಲಿಲೀಟರ್ ರಕ್ತದಲ್ಲಿ ಅದು ಸುಮಾರು 130 ಮಿಲಿಗ್ರಾಂವರೆಗೆ ಏರಬಲ್ಲದು. ಊಟ ಎಷ್ಟಾಗಿದೆ, ದೇಹದ ಕಟ್ಟು ಎಂಥದು ಎಂಬುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. ಯಕೃತ್ತು ಅದನ್ನು ಕರಗಿಸುವುದು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ. ರಾತ್ರಿ ಹನ್ನೊಂದಕ್ಕೆ ಬಾಟಲಿ ಕೆಳಗಿಟ್ಟವರು ಬೆಳಿಗ್ಗೆ ಆರಕ್ಕೆ ಕಾನೂನಿನ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಒಂದೂವರೆ ಕ್ವಾರ್ಟರ್ ಕುಡಿದಿದ್ದರೆ ಏಳು ಗಂಟೆಗೆ ಮಕ್ಕಳನ್ನು ಹತ್ತಿಸಿಕೊಳ್ಳುವಾಗಲೂ ಗೆರೆಯ ಎರಡೂವರೆ ಪಟ್ಟು ಮೇಲೆ. ಮುಖ ತೊಳೆದಿರುತ್ತಾರೆ, ಹಣೆಗೆ ವಿಭೂತಿ ಇರುತ್ತದೆ, ಕಾಫಿ ಕುಡಿದಿರುತ್ತಾರೆ. ಕಾಫಿಯಾಗಲಿ ತಣ್ಣೀರಾಗಲಿ ಯಕೃತ್ತಿನ ಕೆಲಸವನ್ನು ಒಂದು ನಿಮಿಷವೂ ಬೇಗ ಮಾಡಿಸಲಾರವು.

ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಡೆದು ತಪಾಸಣೆ ಮಾಡಿದಾಗಲೆಲ್ಲ ಒಂದಷ್ಟು ಚಾಲಕರು ಸಿಕ್ಕಿಬಿದ್ದಿರುವುದಕ್ಕೆ ಇದೇ ಕಾರಣವಿರಬಹುದು. ಅವರಲ್ಲಿ ಬೆಳಿಗ್ಗೆಯೇ ಕುಡಿದವರು ಕಡಿಮೆ ಇರಬಹುದು, ರಾತ್ರಿಯದು ಇಳಿಯದವರೇ ಹೆಚ್ಚಿರಬಹುದು. ಮಕ್ಕಳ ಪಾಲಿಗೆ ಅಪಾಯ ಎರಡರಲ್ಲೂ ಒಂದೇ. ಅಂಥ ತಪಾಸಣೆ ನಡೆದ ದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಒಂದು ವಾರ ಮಾತಾಗುತ್ತದೆ, ಮತ್ತೆ ಮರೆಯುತ್ತೇವೆ. ಶಾಲೆಯ ಗೇಟಿನಲ್ಲಿ ದಿನವೂ ಆಗಬೇಕಾದ ಕೆಲಸವನ್ನು ಪೊಲೀಸರ ವಿಶೇಷ ಕಾರ್ಯಾಚರಣೆಗೆ ಬಿಟ್ಟಿದ್ದೇವೆ.

ಬೇರೆ ದೇಶದ ಒಂದು ಉದಾಹರಣೆಯನ್ನು ಇಲ್ಲಿ ತರಬೇಕು, ಏಕೆಂದರೆ ಈ ವಿಷಯದಲ್ಲಿ ಅಲ್ಲಿಯ ನಿಯಮ ಬಹಳ ದೂರ ನಡೆದು ಬಂದಿದೆ. 1987ರ ಜನವರಿ 4ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ಮೂರು ಸರಕು ಎಂಜಿನ್‌ಗಳ ಜೋಡಣೆಯೊಂದು ಸಿಗ್ನಲ್ ದಾಟಿ ಮುಖ್ಯ ಹಳಿಗೆ ಬಂತು. ಹಿಂದಿನಿಂದ ಅತಿವೇಗದಲ್ಲಿ ಬಂದ ಆಮ್‌ಟ್ರಾಕ್ ಸಂಸ್ಥೆಯ ಪ್ರಯಾಣಿಕರ ರೈಲು ಅದಕ್ಕೆ ಅಪ್ಪಳಿಸಿತು. 16 ಜನ ಸತ್ತರು. ಸರಕು ಎಂಜಿನ್ ನಡೆಸುತ್ತಿದ್ದವರೂ ಅವರ ಸಹಾಯಕರೂ ಗಾಂಜಾ ಸೇದಿದ್ದರು ಎಂದು ತನಿಖೆಯಲ್ಲಿ ಗೊತ್ತಾಯಿತು. ನಾಲ್ಕು ವರ್ಷ ಚರ್ಚೆ ನಡೆಯಿತು. 1991ರ ಆಗಸ್ಟ್ ಕೊನೆಯಲ್ಲಿ ನ್ಯೂಯಾರ್ಕ್‌ನ ಯೂನಿಯನ್ ಸ್ಕ್ವೇರ್ ಬಳಿ ನೆಲದಡಿಯ ರೈಲು ಹಳಿ ತಪ್ಪಿ ಐವರು ಸತ್ತರು. ಅದರ ಚಾಲಕ ಕುಡಿದಿದ್ದ. ಅದೇ ವರ್ಷ ಅಲ್ಲಿನ ಸಂಸತ್ತು ವಿಮಾನ, ರೈಲು, ಬಸ್, ಭಾರೀ ಲಾರಿ ಎಲ್ಲ ಕಡೆ ಸುರಕ್ಷತೆಗೆ ಸಂಬಂಧಿಸಿದ ಕೆಲಸ ಮಾಡುವವರ ಪರೀಕ್ಷೆಯನ್ನು ಕಡ್ಡಾಯ ಮಾಡುವ ಕಾಯ್ದೆ ಮಾಡಿತು.

ಆ ನಿಯಮಗಳಲ್ಲಿ ಶಿಕ್ಷೆಗಿಂತ ನನ್ನ ಗಮನ ಸೆಳೆದದ್ದು ಕ್ರಮ. ಸಾಮಾನ್ಯ ಚಾಲಕರಿಗೆ ಹೆಚ್ಚಿನ ರಾಜ್ಯಗಳಲ್ಲಿ 80 ಮಿಲಿಗ್ರಾಂ ಮಿತಿ ಇದ್ದರೆ ಈ ಕೆಲಸಗಾರರಿಗೆ 40. 20ರಿಂದ 39ರ ನಡುವೆ ಬಂದರೆ ಲಾರಿ, ಬಸ್ ಚಾಲಕರು 24 ಗಂಟೆ ಸ್ಟಿಯರಿಂಗ್ ಮುಟ್ಟುವಂತಿಲ್ಲ. ಮೊದಲ ಊದಿನಲ್ಲಿ ಮದ್ಯ ಕಂಡರೆ ಕನಿಷ್ಠ ಹದಿನೈದು ನಿಮಿಷ ಕಾದು ಮತ್ತೆ ಊದಿಸಬೇಕು, ಎರಡನೆಯದೇ ಲೆಕ್ಕಕ್ಕೆ. ಅಮಲು ಪದಾರ್ಥದ ಪರೀಕ್ಷೆಗೆ ತೆಗೆದ ಮೂತ್ರದ ಮಾದರಿಯನ್ನು ಎರಡು ಬಾಟಲಿಗೆ ಹಂಚಿ ಮೊಹರು ಹಾಕುತ್ತಾರೆ. ಮೊದಲ ಬಾಟಲಿಯ ಫಲಿತಾಂಶ ಒಪ್ಪದ ಕೆಲಸಗಾರ ಎರಡನೆಯದನ್ನು ಬೇರೆ ಲ್ಯಾಬಿಗೆ ಕಳಿಸಿ ಎಂದು ಕೇಳಬಹುದು. ಪ್ರಯೋಗಾಲಯದ ವರದಿ ಮಾಲೀಕರ ಕೈಗೆ ನೇರ ಹೋಗುವುದಿಲ್ಲ. ನಡುವೆ ಒಬ್ಬ ವೈದ್ಯರಿರುತ್ತಾರೆ. ಅವರು ಕೆಲಸಗಾರನಿಗೆ ಫೋನ್ ಮಾಡಿ, ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ, ಚೀಟಿ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಫಲಿತಾಂಶ ಖಚಿತವಾಗುತ್ತದೆ. ತಪ್ಪು ಮಾಡಿದವರು ತಜ್ಞರ ಬಳಿ ಹೋಗಿ, ಅವರು ಹೇಳಿದ ಚಿಕಿತ್ಸೆ ಮುಗಿಸಿ, ಮತ್ತೆ ಪರೀಕ್ಷೆಯಲ್ಲಿ ಗೆದ್ದು ಕೆಲಸಕ್ಕೆ ಮರಳಬಹುದು. ಮರಳಿದ ಮೊದಲ ಹನ್ನೆರಡು ತಿಂಗಳಲ್ಲಿ ಕನಿಷ್ಠ ಆರು ಸಲ ಮುನ್ಸೂಚನೆ ಇಲ್ಲದೆ ಪರೀಕ್ಷೆ. ಅಲ್ಲಿಯೂ ಕೆಲಸ ಉಳಿಸಲೇಬೇಕೆಂದು ಮಾಲೀಕರಿಗೆ ಕಡ್ಡಾಯವಿಲ್ಲ. ಅದು ಆ ನಿಯಮದ ಕೊರತೆ. ನಾವು ಮಾಡುವಾಗ ಅದನ್ನು ತಿದ್ದಿಕೊಂಡು ಮಾಡಬಹುದು.

ಗಾಂಜಾದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದರ ಕುರುಹು ಮೂತ್ರದಲ್ಲಿ ದಿನಗಟ್ಟಲೆ, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆ ಹೊತ್ತಿನಲ್ಲಿ ತಲೆ ಅಮಲಿನಲ್ಲಿತ್ತೇ ಎಂಬುದನ್ನು ಮೂತ್ರ ಹೇಳುವುದಿಲ್ಲ. ಉಗುಳಿನ ಪರೀಕ್ಷೆ ಇತ್ತೀಚೆಗೆ ಸೇದಿದ್ದನ್ನು ಹೆಚ್ಚು ಸರಿಯಾಗಿ ತೋರುತ್ತದೆ. ಆದ್ದರಿಂದ ಮೂತ್ರದ ಒಂದು ವರದಿ ಹಿಡಿದು ಯಾರ ಅನ್ನವನ್ನೂ ಕಿತ್ತುಕೊಳ್ಳುವಂತಿರಬಾರದು.

ಯಂತ್ರವೂ ತಪ್ಪುತ್ತದೆ. 2025ರ ಜುಲೈನಲ್ಲಿ ಕೇರಳದ ಪಂದಳಂ ಡಿಪೊದಲ್ಲಿ ಸರ್ಕಾರಿ ಬಸ್ಸಿನ ಚಾಲಕರು ಡ್ಯೂಟಿಗೆ ಮುನ್ನ ಊದಿದಾಗ ಯಂತ್ರ ಮದ್ಯ ತೋರಿಸಿತು. ಅವರು ತಿಂದದ್ದು ಹಲಸಿನ ಹಣ್ಣು. ಚೆನ್ನಾಗಿ ಕಳಿತ ಹಲಸಿನ ತೊಳೆಯಲ್ಲಿ ಹುಳಿಯುವಿಕೆ ಶುರುವಾಗಿ ತುಸು ಮದ್ಯಸಾರ ಹುಟ್ಟಿರುತ್ತದೆ, ಅದು ಸ್ವಲ್ಪ ಹೊತ್ತು ಬಾಯಲ್ಲಿ ನಿಲ್ಲುತ್ತದೆ. ಅದಕ್ಕೂ ಕೆಲವು ತಿಂಗಳ ಮೊದಲು ದಕ್ಷಿಣ ರೈಲ್ವೆಯ ತಿರುವನಂತಪುರ ವಿಭಾಗ ಲೋಕೋ ಪೈಲಟ್‌ಗಳು ಡ್ಯೂಟಿಗೆ ಮುನ್ನ ಎಳನೀರು, ಕೆಲವು ಬಗೆಯ ಬಾಳೆಹಣ್ಣು, ಕೆಮ್ಮಿನ ಸಿರಪ್, ತಂಪು ಪಾನೀಯ ಮುಟ್ಟಬಾರದೆಂದು ಆದೇಶ ಹೊರಡಿಸಿ, ಟೀಕೆ ಬಂದ ಮೇಲೆ ಹಿಂದಕ್ಕೆ ಪಡೆಯಿತು. ಈ ಎರಡು ಪ್ರಸಂಗಗಳನ್ನು ಓದಿ ಊದಿಸುವುದೇ ವ್ಯರ್ಥ ಎಂದವರಿದ್ದಾರೆ. ನನಗೆ ಕಾಣುವುದು ಬೇರೆ. ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಕೂರಿಸಿ, ಮತ್ತೆ ಊದಿಸಿದರೆ ಹಲಸಿನದು ಹೋಗಿರುತ್ತದೆ, ಕ್ವಾರ್ಟರಿನದು ಉಳಿದಿರುತ್ತದೆ. ಎರಡನೆಯ ಸಲವೂ ಬಂದು, ಆತ ಕುಡಿದಿಲ್ಲವೆಂದರೆ ರಕ್ತ ಪರೀಕ್ಷೆಗೆ ಕಳಿಸಬೇಕು. ಈ ಎರಡು ಹೆಜ್ಜೆಗಳನ್ನು ನಿಯಮದಲ್ಲೇ ಬರೆದಿಟ್ಟರೆ ಎಳನೀರಿಗೆ ನಿಷೇಧ ಹಾಕುವ ಪ್ರಮೇಯ ಬರುವುದಿಲ್ಲ.

ಖಾಸಗಿತನದ ಪ್ರಶ್ನೆಯನ್ನು ಎತ್ತುವ ಕಾರ್ಮಿಕ ಮುಖಂಡರ ಮಾತಿನಲ್ಲಿ ಹುರುಳಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟದ್ದು. ಆ ಹಕ್ಕನ್ನು ಮೊಟಕು ಮಾಡಬೇಕಾದರೆ ಕಾನೂನಿನ ಬೆಂಬಲ ಬೇಕು, ತಕ್ಕ ಉದ್ದೇಶ ಬೇಕು, ಮಾಡುವ ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಜನರ ಪ್ರಾಣ ಕೈಯಲ್ಲಿಟ್ಟುಕೊಂಡು ಗಾಡಿ ಓಡಿಸುವವರನ್ನು ಡ್ಯೂಟಿಗೆ ಮುನ್ನ ಒಂದು ಸಲ ಊದಿಸುವುದು ಈ ಮೂರೂ ಅಳತೆಯಲ್ಲಿ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ. ನಿಲ್ಲದ್ದು ಯಾವುದು? ಊದಿಸುವುದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಮಾಲೀಕರಿಗೆ ಆಗದವರನ್ನು ಮಾತ್ರ ಆರಿಸಿ ಊದಿಸುವುದು. ವರದಿಯನ್ನು ಊರಿಗೆಲ್ಲ ಸಾರುವುದು. ಇವನ್ನು ನಿಯಮವೇ ತಡೆಯಬೇಕು.

ಇನ್ನು ದಣಿವಿನ ಮಾತು. ಇದನ್ನು ಬಿಟ್ಟು ಕುಡಿತದ ಮಾತಾಡುವವರಿಗೆ ಲಾರಿ, ಬಸ್ಸಿನ ಬದುಕು ಗೊತ್ತಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಎಂದು ಹೇಳಿತ್ತು. ಟ್ರಿಪ್ ಲೆಕ್ಕದಲ್ಲಿ ಸಂಬಳ, ಊರು ಮುಟ್ಟಿದ ಮೇಲೆ ಬಾಟಾ, ತಡವಾದರೆ ಕಡಿತ ಎನ್ನುವ ಕಡೆ ಎಂಟು ಗಂಟೆಯ ಮಾತು ಯಾರಿಗೆ ನೆನಪಿರುತ್ತದೆ? ಸಿಂಗಲ್ ಡ್ರೈವರ್ ಇಟ್ಟು ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಬಸ್ಸಿನ ಡಿಕ್ಕಿಯಲ್ಲೇ ಮಲಗಲು ಹೇಳಿ, ಸಂಜೆ ಮತ್ತೆ ಹತ್ತಿಸುವ ಮಾಲೀಕರು ನಮ್ಮ ನಡುವೆ ಇದ್ದಾರೆ. ನಿದ್ದೆ ತಡೆಯಲು ಗುಟ್ಕಾ, ಮೈನೋವಿಗೆ ಗುಳಿಗೆ, ಗುಳಿಗೆಯ ಮೇಲೂ ನಿದ್ದೆ ಹತ್ತದ್ದಕ್ಕೆ ಕ್ವಾರ್ಟರ್. ಹೀಗೆ ಒಂದರ ಬೆನ್ನಿಗೆ ಒಂದು ಬರುತ್ತದೆ. ಊದಿಸುವ ಯಂತ್ರ ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಹಿಡಿಯಬಲ್ಲದು. ಆದ್ದರಿಂದ ಡ್ಯೂಟಿ ಪುಸ್ತಕವನ್ನೂ ಊದಿಸಿದ ಪುಸ್ತಕವನ್ನೂ ಒಟ್ಟಿಗೆ ತೆರೆದು ನೋಡುವ ಅಧಿಕಾರಿಗಳು ಬೇಕು. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳೂ ಜೋರು ಮಂಪರು ತರುತ್ತವೆ. ಔಷಧಿ ಬರೆಯುವ ವೈದ್ಯರು, ಕೊಡುವ ಮೆಡಿಕಲ್ ಶಾಪಿನವರು 'ಗಾಡಿ ಓಡಿಸ್ತೀರಾ?' ಎಂದು ಒಂದು ಮಾತು ಕೇಳಿದರೆ ಎಷ್ಟೋ ಉಪಕಾರ.

ಹಾಗಾದರೆ ಏನು ಮಾಡಬೇಕು?

ತಂದೆತಾಯಂದಿರೇ, ಮುಂದಿನ ಪಾಲಕರ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಬೆಳಗಿನ ಮೊದಲ ಟ್ರಿಪ್ಪಿಗೆ ಮುನ್ನ ನಮ್ಮ ಮಕ್ಕಳ ಚಾಲಕರು ಊದುತ್ತಾರೆಯೇ? ಊದಿದ್ದನ್ನು ಬರೆದಿಡುವ ಪುಸ್ತಕ ಇದೆಯೇ? ಕುಡಿದು ಓಡಿಸಿ ಒಮ್ಮೆ ಸಿಕ್ಕಿಬಿದ್ದವರನ್ನೂ ಶಾಲಾ ಬಸ್ಸಿಗೆ ನೇಮಿಸಬಾರದು ಎಂದು ಸಿಬಿಎಸ್‌ಇ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಶಾಲೆ ಯಾವ ಮಂಡಳಿಯದೇ ಆಗಿರಲಿ, ಆ ಮಾತನ್ನು ಮುಂದಿಡಬಹುದು. ವ್ಯಾನ್ ಶಾಲೆಯದಲ್ಲ, ನೀವೇ ಏಳೆಂಟು ಮನೆಯವರು ಸೇರಿ ಗೊತ್ತುಮಾಡಿದ್ದು ಎಂದಾದರೆ ಹೊಣೆ ನೇರ ನಿಮ್ಮದೇ. ಒಳ್ಳೆಯ ಯಂತ್ರವೊಂದು ಬಸ್ಸಿನ ಒಂದು ಜೊತೆ ಟೈರಿನ ಬೆಲೆಯೊಳಗೆ ಬರುತ್ತದೆ. ಹಂಚಿಕೊಂಡರೆ ಮನೆಗೆ ಬೀಳುವುದು ಅಲ್ಪ. ಕೇಳುವಾಗ ಮರ್ಯಾದೆಯಿಂದ ಕೇಳಿ. ಆ ಅಣ್ಣ ನಿಮ್ಮ ಮಗುವಿನ ಬ್ಯಾಗು ಹಿಡಿದು ಹತ್ತಿಸುವವರು, ಮಳೆಯಲ್ಲಿ ಕೊಡೆ ಹಿಡಿದು ಇಳಿಸುವವರು. ಅವರನ್ನು ಸಂಶಯದಿಂದ ನೋಡುತ್ತಿದ್ದೇವೆ ಎಂದು ಅನಿಸದಂತೆ, ಶಾಲೆಯ ಎಲ್ಲ ಚಾಲಕರಿಗೂ ದಿನವೂ ಒಂದೇ ಕ್ರಮ ಇರಲಿ.

ಟಿಟಿ ಮಾಡಿಕೊಂಡು ಚಿಕ್ಕಮಗಳೂರಿಗೋ ಗೋವಾಕ್ಕೋ ಹೊರಡುವ ಗೆಳೆಯರೇ, ಮದುವೆ ದಿಬ್ಬಣಕ್ಕೆ ಬಸ್ ಗೊತ್ತುಮಾಡುವ ಹಿರಿಯರೇ, ನಿಮ್ಮಲ್ಲಿ ಒಂದು ಬಿನ್ನಹ. 'ಖುಷಿಗೆ' ಎಂದು ಡ್ರೈವರ್ ಕೈಗೆ ಬಾಟಲಿ ಕೊಡಬೇಡಿ. ರಾತ್ರಿ ರೆಸಾರ್ಟಿನ ಪಾರ್ಟಿಗೆ ಅವರನ್ನೂ ಒತ್ತಾಯ ಮಾಡಿ ಕೂರಿಸಿ, ಬೆಳಿಗ್ಗೆ ಐದಕ್ಕೇ ಘಟ್ಟ ಇಳಿಯೋಣ ಎನ್ನಬೇಡಿ. ಕುಡಿದು ಓಡಿಸಲು ಪ್ರಚೋದನೆ ಕೊಟ್ಟವರಿಗೂ ಓಡಿಸಿದವರಷ್ಟೇ ಶಿಕ್ಷೆ ಎಂದು ಕಾಯ್ದೆಯ 188ನೇ ಸೆಕ್ಷನ್ ಹೇಳುತ್ತದೆ. ಖುಷಿಗೆ ಕೊಡಬೇಕೆನಿಸಿದರೆ ಹಣ ಕೊಡಿ, ಒಳ್ಳೆಯ ಊಟ ಕೊಡಿಸಿ, ಮಲಗಲು ಹಾಸಿಗೆ ಇರುವ ಕೋಣೆ ಕೊಡಿಸಿ. ರಾತ್ರಿ ಬಸ್ಸಿನಲ್ಲಿ ಚಾಲಕರ ನಡೆ ಸರಿ ಇಲ್ಲವೆನಿಸಿದರೆ 112ಕ್ಕೆ ಕರೆ ಮಾಡಿ, ಗಾಡಿ ಸಂಖ್ಯೆ ಹೇಳಿ. ಟಿಕೆಟ್ಟಿನ ಹಣ ಹೋಗುತ್ತದೆಂದು ಸುಮ್ಮನಿರಬೇಡಿ.

ಬಸ್, ಲಾರಿ ಮಾಲೀಕರೇ, ಊದಿಸಿದರೆ ಡ್ರೈವರ್ ಸಿಗುವುದಿಲ್ಲ ಎನ್ನುತ್ತೀರಿ. ಒಳ್ಳೆಯ ಚಾಲಕರ ಕೊರತೆ ಇರುವುದು ನಿಜ. ಆದರೆ ಕುಡಿಯದೆ, ನಿದ್ದೆಗೆಡದೆ ಓಡಿಸಬೇಕೆನ್ನುವವರು ದೂರ ಹೋಗುತ್ತಿರುವುದು ನಿಮ್ಮ ಟ್ರಿಪ್ ಲೆಕ್ಕಕ್ಕೆ, ಊದುವ ಯಂತ್ರಕ್ಕೆ ಹೆದರಿ ಅಲ್ಲ. ದೂರದ ಓಟಕ್ಕೆ ಇಬ್ಬರನ್ನು ಹಾಕಿ. ಹೊರಡುವ ಜಾಗದಲ್ಲಿ ಇಬ್ಬರನ್ನೂ ಊದಿಸಿ, ನಡುದಾರಿಯಲ್ಲಿ ಸ್ಟಿಯರಿಂಗ್ ಬದಲಾಗುವಾಗ ಎರಡನೆಯವರನ್ನು ಮತ್ತೊಮ್ಮೆ ಊದಿಸಿ. 'ಇವತ್ತು ನನ್ನಿಂದಾಗದು' ಎಂದು ತಾವಾಗಿಯೇ ಬಂದು ಹೇಳಿದವರ ಆ ದಿನದ ಸಂಬಳ ಕತ್ತರಿಸಬೇಡಿ. ಹೇಳಿದ್ದಕ್ಕೆ ಕೂಲಿ ಹೋಗುತ್ತದೆ ಎಂದಾದರೆ ಯಾರೂ ಹೇಳುವುದಿಲ್ಲ.

ಚಾಲಕರ ಸಂಘಗಳ ಪದಾಧಿಕಾರಿಗಳೇ, ಈ ನಿಯಮ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ದೊಡ್ಡ ದುರಂತವೊಂದು ನಡೆದ ಮರುದಿನ ಸಿಟ್ಟಿನಲ್ಲಿ ಬಂದರೆ ಅದರಲ್ಲಿ ನಿಮ್ಮ ಮಾತಿಗೆ ಜಾಗ ಇರುವುದಿಲ್ಲ. ಈಗಲೇ ನಿಮ್ಮ ಷರತ್ತು ಬರೆದು ಮೇಜಿನ ಮೇಲಿಡಿ: ಎರಡು ಸಲ ಊದಿಸಬೇಕು, ಯಂತ್ರದ ಕ್ಯಾಲಿಬ್ರೇಶನ್ ಪತ್ರ ತೋರಿಸಬೇಕು, ರಕ್ತ ಪರೀಕ್ಷೆ ಕೇಳುವ ಹಕ್ಕು ಬೇಕು, ವರದಿ ಗುಟ್ಟಾಗಿರಬೇಕು, ಚಿಕಿತ್ಸೆ ಪಡೆದವರಿಗೆ ಕೆಲಸಕ್ಕೆ ಮರಳುವ ದಾರಿ ಬೇಕು.

ಸರ್ಕಾರದಿಂದ ಕೇಳುವುದು ದೊಡ್ಡದೇನಲ್ಲ. ಸಾರಿಗೆ ವಾಹನಗಳ ನಿಯಂತ್ರಣಕ್ಕೆ ನಿಯಮ ಮಾಡುವ ಅಧಿಕಾರ ಕಾಯ್ದೆಯ 96ನೇ ಸೆಕ್ಷನ್‌ನಲ್ಲಿ ರಾಜ್ಯಕ್ಕೇ ಇದೆ. ಶಾಲಾ ಮಕ್ಕಳ ಸಾಗಣೆ ವಾಹನಗಳಿಗೆ ಕರ್ನಾಟಕ 2012ರಲ್ಲೇ ಪ್ರತ್ಯೇಕ ನಿಯಮ ಮಾಡಿದೆ. ಡ್ಯೂಟಿಪೂರ್ವ ಪರೀಕ್ಷೆಯನ್ನು ಅಲ್ಲಿಂದಲೇ ಶುರು ಮಾಡಲಿ, ನಂತರ ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ಟಿನ ಷರತ್ತಾಗಿ ಸೇರಿಸಲಿ. ಹೊರರಾಜ್ಯದಲ್ಲಿ ನೋಂದಣಿಯಾಗಿ ಅಖಿಲ ಭಾರತ ಪ್ರವಾಸಿ ಪರ್ಮಿಟ್ಟಿನಲ್ಲಿ ನಮ್ಮ ಊರುಗಳ ನಡುವೆ ಓಡುವ ಸ್ಲೀಪರ್ ಬಸ್ಸುಗಳು ಬಹಳ. ಅವುಗಳಿಗೆ ರಾಜ್ಯದ ಷರತ್ತು ತಾಗಲಾರದು. ಅದಕ್ಕೆ ಕೇಂದ್ರ ಸಾರಿಗೆ ಸಚಿವಾಲಯವೇ ನಿಯಮ ಮಾಡಬೇಕು, ನಮ್ಮ ಸಂಸದರು ಕೇಳಬೇಕು. ಇನ್ನು, ಸುಪ್ರೀಂ ಕೋರ್ಟು 2016ರ ಡಿಸೆಂಬರ್ 15ರಂದು ಹೆದ್ದಾರಿ ಬದಿಯ ಮದ್ಯದಂಗಡಿಗಳನ್ನು 500 ಮೀಟರ್ ಆಚೆಗೆ ಸರಿಸಿ ಎಂದಿತ್ತು. ಮುಂದಿನ ವರ್ಷವೇ ಸಣ್ಣ ಊರುಗಳಿಗೆ ದೂರ ಕಡಿಮೆಯಾಯಿತು, ನಗರ ವ್ಯಾಪ್ತಿಗೆ ವಿನಾಯಿತಿ ಬಂತು. ಅಬಕಾರಿ ಆದಾಯದ ಮುಂದೆ ಆ ತೀರ್ಪು ಎಷ್ಟು ಉಳಿದಿದೆ ಎಂಬುದನ್ನು ಹೆದ್ದಾರಿಯಲ್ಲಿ ಹೋಗುವ ಯಾರಾದರೂ ನೋಡಬಹುದು.

ಕೊನೆಯದಾಗಿ ಡ್ರೈವರಣ್ಣಂದಿರಲ್ಲಿ, ಅವರ ಮನೆಯವರಲ್ಲಿ. ಬಿಡಬೇಕೆಂದರೂ ಬಿಡಲಾಗುತ್ತಿಲ್ಲ ಎನ್ನುವವರು ಒಬ್ಬಂಟಿಯಾಗಿ ಒದ್ದಾಡಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ಅದಕ್ಕೆ ವೈದ್ಯರ ನೆರವು ಬೇಕೇ ಬೇಕು. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮನಸ್ಸಿನ ಸಂಕಟ ಹೇಳಿಕೊಳ್ಳಲು ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ರಾಜ್ಯದ ಹಲವು ತಾಲ್ಲೂಕುಗಳಲ್ಲಿ ನಡೆಯುತ್ತವೆ; ಬಿಟ್ಟವರನ್ನು ಮತ್ತೆ ಜಾರದಂತೆ ಹಿಡಿದು ನಿಲ್ಲಿಸುವ ನವಜೀವನ ಸಮಿತಿಗಳೂ ಇವೆ.

ಓದುಗರೇ, ಈ ವಾರವೇ ಎರಡು ಪತ್ರ ಬರೆಯಿರಿ. ಒಂದು, ನಿಮ್ಮ ಮಗು ಹೋಗುವ ಶಾಲೆಯ ಮುಖ್ಯಸ್ಥರಿಗೆ. ಇನ್ನೊಂದು, ನಿಮ್ಮ ಕ್ಷೇತ್ರದ ಶಾಸಕರಿಗೆ: ಜನರನ್ನು ಸಾಗಿಸುವ ವಾಹನಗಳ ಚಾಲಕರಿಗೆ ಡ್ಯೂಟಿಪೂರ್ವ ಪರೀಕ್ಷೆಯನ್ನು, ಪರೀಕ್ಷೆಗೆ ಒಳಗಾಗುವವರ ಹಕ್ಕುಗಳ ಸಮೇತ, ರಾಜ್ಯದ ನಿಯಮದಲ್ಲಿ ಸೇರಿಸಲು ಸದನದಲ್ಲಿ ಪ್ರಶ್ನೆ ಎತ್ತಿ ಎಂದು. ಉತ್ತರ ಬರದಿದ್ದರೆ ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ.